ಸಿಹಿ, ಸುಣ್ಣ, ನಿಂಬೆ

ಶಹಾಬಾದಿನಿಂದ ಹೊರಟ ರೈಲು ವಾಡಿ ಜಂಕ್ಷನ್ನನ್ನು ಸೇರುವವರೆಗೆ ಕಿಟಕಿಯಾಚೆ ಕಣ್ಣಿಗೆ ಬೀಳುವುದು ಬಹುಮಟ್ಟಿಗೆ ಕಲ್ಲು. ಪದರುಪದರಾಗಿ ತೆರೆದುಕೊಂಡ ಗಣಿಗಳು, ಸೀಳಿ ಜೋಡಿಸಿಟ್ಟ ಹಾಸುಗಲ್ಲುಗಳ ರಾಶಿಗಳು, ಹೊಲದ ಅಂಚಿನಲ್ಲಿ ಬೇಲಿಯಂತೆ ನಿಲ್ಲಿಸಿದ ಫರಸಿಗಳು ಒಂದರ ಹಿಂದೊಂದು ಸರಿದುಹೋಗುತ್ತವೆ. ವಾಡಿಯಲ್ಲಿ ಮಾರ್ಗವು ಕವಲೊಡೆಯುತ್ತದೆ. ಒಂದು ಕವಲು ಚೆನ್ನೈ ಕಡೆಗೆ ಹೋಗುತ್ತದೆ. 1874ರಲ್ಲಿ ತೆರೆದ ಇನ್ನೊಂದು ಕವಲು ಚಿತ್ತಾಪುರ, ಮಳಖೇಡ, ಸೇಡಂ ಊರುಗಳನ್ನು ಹಾದು ಸಿಕಂದರಾಬಾದಿನತ್ತ ಸಾಗುತ್ತದೆ. ಸೇಡಮಿನ ಉತ್ತರಕ್ಕೆ ಚಿಂಚೋಳಿಯ ಗುಡ್ಡಗಾಡು ಇದೆ. ಈ ಆರು ಊರುಗಳ ನೆಲವನ್ನು ಒಂದೇ ಮಾತಿನಲ್ಲಿ ವರ್ಣಿಸಬೇಕಾದರೆ ಅದನ್ನು ಸುಣ್ಣದ ಸೀಮೆ ಎನ್ನಬಹುದು.

ಈ ಸೀಮೆಗೆ ಇನ್ನೊಂದು ವಿಶೇಷವೂ ಇದೆ. ಇದು ಅನೇಕ ಭಾಷೆಗಳು ಕೂಡುವ ತಾಣ. ಮನೆಯಲ್ಲಿ ಕನ್ನಡ, ಪೇಟೆಯಲ್ಲಿ ಉರ್ದು, ಮೂಡಣ ಗಡಿಯಲ್ಲಿ ತೆಲುಗು, ಪಡುವಣ ಸಂತೆಗಳಲ್ಲಿ ಮರಾಠಿ, ತಾಂಡಾಗಳಲ್ಲಿ ಲಂಬಾಣಿ. 1948ರವರೆಗೆ ಈ ಪ್ರದೇಶವು ನಿಜಾಮರ ಆಳ್ವಿಕೆಯಲ್ಲಿತ್ತು. ಶಾಲೆ ಮತ್ತು ಕಚೇರಿಗಳಲ್ಲಿ ಉರ್ದುವಿಗೆ ಪ್ರಾಶಸ್ತ್ಯವಿತ್ತು. 1956ರಲ್ಲಿ ರಾಜ್ಯಗಳು ಭಾಷಾವಾರಾಗಿ ಪುನರ್ವಿಂಗಡಣೆಯಾದಾಗ ಅದು ಕನ್ನಡ ನಾಡಿನೊಂದಿಗೆ ಒಂದಾಯಿತು. ಇಷ್ಟು ಭಾಷೆಗಳು ಒಂದೇ ಬಾವಿಯ ಕಟ್ಟೆಯ ಮೇಲೆ ನಿಂತು ನೀರು ಸೇದಿದುದರಿಂದ, ಒಂದು ಪದಾರ್ಥಕ್ಕೆ ಹಲವು ಹೆಸರು, ಒಂದು ಹೆಸರಿಗೆ ಹಲವು ಅರ್ಥ ಎಂಬುದು ಇಲ್ಲಿಯ ಜನರಿಗೆ ಬಾಲ್ಯದಿಂದಲೇ ಪರಿಚಿತವಾದ ಸಂಗತಿ.

ಪದದ ಅರ್ಥ ತಪ್ಪಿದರೆ ಪರೀಕ್ಷೆಯಲ್ಲಿ ಒಂದು ಅಂಕ ಹೋಗಬಹುದೆಂದು ವಿದ್ಯಾರ್ಥಿಗಳು ಭಾವಿಸುವುದುಂಟು. ಹೋಗುವುದು ಅಂಕ ಮಾತ್ರವಾಗಿದ್ದರೆ ಚಿಂತೆಯಿರಲಿಲ್ಲ. ಅರ್ಥ ತಪ್ಪಿದಾಗ ಬೆಳೆ ಹೋಗುತ್ತದೆ, ಕಣ್ಣು ಹೋಗುತ್ತದೆ, ಕೆಲವೊಮ್ಮೆ ಪ್ರಾಣವೇ ಹೋಗುತ್ತದೆ. ಇದಕ್ಕೆ ದೊಡ್ಡ ದೊಡ್ಡ ಪಾರಿಭಾಷಿಕ ಪದಗಳನ್ನು ಹುಡುಕಬೇಕಾಗಿಲ್ಲ. ಅಡುಗೆಮನೆಯಲ್ಲಿಯೂ ಹೊಲದಲ್ಲಿಯೂ ದಿನವೂ ಕೇಳಿಬರುವ ಸಿಹಿ, ಸುಣ್ಣ, ನಿಂಬೆ ಎಂಬ ಮೂರು ಮಾತುಗಳೇ ಸಾಕು.

ಇಂಗ್ಲಿಷಿನಲ್ಲಿ ‘ಲೈಮ್’ ಎಂಬ ಒಂದು ಪದವಿದೆ. ಅದಕ್ಕೆ ಸುಣ್ಣವೆಂದೂ ಅರ್ಥ, ನಿಂಬೆಯೆಂದೂ ಅರ್ಥ. ಯುರೋಪಿನಲ್ಲಿ ಬೀದಿಯ ಇಕ್ಕೆಲಗಳಲ್ಲಿ ನೆರಳಿಗಾಗಿ ಬೆಳೆಸುವ ಒಂದು ಜಾತಿಯ ಮರವೆಂದೂ ಅರ್ಥ. ಒಂದೇ ತಾಯಿಯ ಮೂರು ಮಕ್ಕಳಂತೆ ಇವು ತೋರಿದರೂ ವಾಸ್ತವವಾಗಿ ಇವುಗಳ ನಡುವೆ ರಕ್ತಸಂಬಂಧವಿಲ್ಲ. ಸುಣ್ಣ ಎಂಬರ್ಥದ ಲೈಮ್, ‘ಅಂಟು’ ಎಂಬ ಅರ್ಥವುಳ್ಳ ಹಳೆಯ ಇಂಗ್ಲಿಷ್ ಮಾತಿನಿಂದ ಬಂದಿತು. ಗೋಡೆಯ ಕಲ್ಲುಗಳನ್ನು ಅಂಟಿಸುವುದು ಅದರ ಕೆಲಸ. ನಿಂಬೆ ಎಂಬರ್ಥದ ಲೈಮ್ ಪಾರಸಿ ಮತ್ತು ಅರಬ್ಬಿ ನುಡಿಗಳಿಂದ ಹಡಗೇರಿ ಯುರೋಪಿಗೆ ಹೋದ ಪದ. ಮರದ ಹೆಸರಾದ ಲೈಮ್ ಬೇರೊಂದು ಹೆಸರು ಸವೆದು ಆದುದು. ಮೂರು ದಾರಿಗಳಿಂದ ಬಂದ ಮೂವರು ಅಪರಿಚಿತರು ಒಂದೇ ಅಂಗಿ ತೊಟ್ಟು ನಿಂತಂತೆ ಇದು ಆಗಿದೆ.

ಕನ್ನಡಿಗನು ಈ ವಿಷಯದಲ್ಲಿ ಅದೃಷ್ಟಶಾಲಿ. ಅವನಿಗೆ ಸುಣ್ಣವು ಸುಣ್ಣ, ನಿಂಬೆಯು ನಿಂಬೆ. ಸಂಸ್ಕೃತದ ‘ಚೂರ್ಣ’ ಎಂಬುದೇ ಕನ್ನಡದಲ್ಲಿ ಸುಣ್ಣವಾಗಿ, ತೆಲುಗಿನಲ್ಲಿ ಸುನ್ನಮಾಗಿ, ಮರಾಠಿಯಲ್ಲಿ ಚುನಾ ಆಗಿ, ಉರ್ದುವಿನಲ್ಲಿ ಚೂನಾ ಆಗಿ ನಿಂತಿದೆ. ವಾಡಿಯ ಸಂತೆಯಲ್ಲಿ ಯಾವ ಭಾಷೆಯಲ್ಲಿ ಕೇಳಿದರೂ ಅಂಗಡಿಯವನು ಸುಣ್ಣವನ್ನೇ ಕೊಡುತ್ತಾನೆ, ನಿಂಬೆಹಣ್ಣನ್ನು ಕೊಡುವುದಿಲ್ಲ.

ಸುಣ್ಣದ ಕಥೆ ಬಹು ಹಳೆಯದು. ಕೋಟ್ಯಂತರ ವರ್ಷಗಳ ಹಿಂದೆ ಇಲ್ಲಿ ಸಮುದ್ರವಿತ್ತು. ಅದರ ತಳದಲ್ಲಿ ಸುಣ್ಣದ ಕೆಸರು ಪದರುಪದರಾಗಿ ನೆಲೆಸಿ, ಕಾಲಕ್ರಮದಲ್ಲಿ ಗಟ್ಟಿಯಾಗಿ ಕಲ್ಲಾಯಿತು. ಶಹಾಬಾದ್ ಕಲ್ಲು ಹಲಗೆಯಂತೆ ಸೀಳಿಕೊಳ್ಳುವುದಕ್ಕೆ ಈ ಪದರುಗಳೇ ಕಾರಣ. ಚಿತ್ತಾಪುರ ತಾಲ್ಲೂಕಿನ ಸನ್ನತಿಯ ಬಳಿ, ಕನಗನಹಳ್ಳಿಯಲ್ಲಿ, 1990ರ ದಶಕದಲ್ಲಿ ನಡೆದ ಉತ್ಖನನದಿಂದ ಒಂದು ಮಹಾಸ್ತೂಪವು ಬೆಳಕಿಗೆ ಬಂದಿತು. ಅಶೋಕ ಚಕ್ರವರ್ತಿಯ ಹೆಸರನ್ನು ಬರೆದು ಅವನ ರೂಪವನ್ನು ಕೆತ್ತಿದ ಫಲಕವು ದೊರೆತದ್ದು ಅಲ್ಲಿಯೇ. ಆ ಫಲಕವೂ ಸುಣ್ಣಕಲ್ಲಿನದೇ. ಎರಡು ಸಾವಿರ ವರ್ಷಗಳ ಹಿಂದಿನ ಶಿಲ್ಪಿಯ ಉಳಿಗೆ ಒದಗಿದ ಕಲ್ಲಿನ ಬಳಗವೇ ಇಂದು ವಾಡಿ, ಸೇಡಂ, ಮಳಖೇಡ ಮತ್ತು ಚಿಂಚೋಳಿ ಕಡೆಯ ಸಿಮೆಂಟು ಕಾರ್ಖಾನೆಗಳ ಕುಲುಮೆಗೆ ಹೋಗುತ್ತಿದೆ.

ಆದರೆ ‘ಸುಣ್ಣ’ ಎಂಬ ಹೆಸರಿನೊಳಗೂ ಭೇದಗಳಿವೆ. ನೆಲದಲ್ಲಿರುವುದು ಸುಣ್ಣಕಲ್ಲು. ಅದನ್ನು ಗೂಡಿನಲ್ಲಿಟ್ಟು ಸುಮಾರು 900 ಡಿಗ್ರಿ ಸೆಲ್ಸಿಯಸ್ ಉಷ್ಣತೆಯಲ್ಲಿ ಸುಟ್ಟರೆ ಸುಟ್ಟ ಸುಣ್ಣವಾಗುತ್ತದೆ. ಸುಟ್ಟ ಸುಣ್ಣದ ಮೇಲೆ ನೀರು ಬಿದ್ದರೆ ಅದು ಕುದಿದು, ಬಿರಿದು, ಅರಳಿದ ಸುಣ್ಣವಾಗುತ್ತದೆ. ಅದನ್ನು ನೀರಿನಲ್ಲಿ ಕದಡಿದರೆ ಸುಣ್ಣದ ಹಾಲು. ನೆಲೆಗೊಳಿಸಿ ಸೋಸಿದರೆ ಸುಣ್ಣದ ತಿಳಿ. ಸುಣ್ಣಕಲ್ಲನ್ನು ಮಗು ಕೈಯಲ್ಲಿ ಹಿಡಿದು ಆಡಬಹುದು. ಸುಟ್ಟ ಸುಣ್ಣವನ್ನು ಹಿಡಿದರೆ ಕೈ ಬೇಯುತ್ತದೆ. ಗೂಡಿನ ಕೆಲಸಗಾರನು ಈ ಹೆಸರುಗಳನ್ನು ಎಂದೂ ಅದಲುಬದಲು ಮಾಡನು. ಅವನಿಗೆ ಅದು ವ್ಯಾಕರಣದ ಪ್ರಶ್ನೆಯಾಗಿರಲಿಲ್ಲ. ಮೈಯ ಚರ್ಮವನ್ನು ಉಳಿಸಿಕೊಳ್ಳುವ ಪ್ರಶ್ನೆಯಾಗಿತ್ತು.

ಸುಣ್ಣ ಮತ್ತು ನಿಂಬೆ ಎಷ್ಟು ಬೇರೆ ಬೇರೆ ಎಂಬುದನ್ನು ಅರಿಯಲು ಪ್ರಯೋಗಶಾಲೆ ಬೇಕಿಲ್ಲ. ಆರತಿಯ ತಟ್ಟೆಯಲ್ಲಿ ಅರಿಸಿನ ಕಲಸಿದ ನೀರಿಗೆ ಚಿಟಿಕೆ ಸುಣ್ಣ ಹಾಕುವುದನ್ನು ಎಲ್ಲರೂ ನೋಡಿರುತ್ತಾರೆ. ಹಳದಿಯ ನೀರು ಕ್ಷಣಮಾತ್ರದಲ್ಲಿ ಕೆಂಪಾಗುತ್ತದೆ. ಆ ಕೆಂಪು ನೀರಿಗೆ ನಿಂಬೆಯ ರಸವನ್ನು ಸಾಕಷ್ಟು ಹಿಂಡಿದರೆ ಮತ್ತೆ ಹಳದಿಯಾಗುತ್ತದೆ. ಸುಣ್ಣವು ಪ್ರತ್ಯಾಮ್ಲ, ನಿಂಬೆಯು ಆಮ್ಲ. ಒಂದು ಮಾಡಿದುದನ್ನು ಇನ್ನೊಂದು ಅಳಿಸುತ್ತದೆ. ‘ಅರಿಸಿನಕ್ಕೆ ಲೈಮ್ ಬೆರೆಸಿರಿ’ ಎಂಬ ಒಂದೇ ವಾಕ್ಯವನ್ನು ಇಬ್ಬರು ಎರಡು ಬಗೆಯಾಗಿ ಓದಿದರೆ ಒಬ್ಬನ ತಟ್ಟೆಯಲ್ಲಿ ಕೆಂಪು, ಇನ್ನೊಬ್ಬನ ತಟ್ಟೆಯಲ್ಲಿ ಹಳದಿ. ನೀರು ಕಾಯಿಸುವ ಪಾತ್ರೆಯ ಒಳಮೈಗೆ ಹತ್ತಿದ ಬಿಳಿಯ ಪೊರೆಯನ್ನು ಗೃಹಿಣಿಯು ನಿಂಬೆಯ ಹೋಳಿನಿಂದಲೋ ಹುಣಿಸೆಯ ಹುಳಿಯಿಂದಲೋ ಉಜ್ಜಿ ತೆಗೆಯುತ್ತಾಳೆ. ಅದೇ ನಿಂಬೆರಸವು ಮನೆಯ ನುಣುಪಾದ ಶಹಾಬಾದ್ ನೆಲದ ಮೇಲೆ ಚೆಲ್ಲಿದರೆ ಹೊಳಪು ಕಳೆದು ಮಚ್ಚೆ ಉಳಿಯುತ್ತದೆ. ಎರಡು ಕಡೆಯೂ ನಡೆಯುವ ಕ್ರಿಯೆ ಒಂದೇ. ಒಂದು ಕಡೆ ಅದು ಉಪಕಾರ, ಇನ್ನೊಂದು ಕಡೆ ಅಪಕಾರ.

ಇನ್ನು ನಿಂಬೆಯ ಬಳಗವನ್ನು ನೋಡಬಹುದು. ಕನ್ನಡದಲ್ಲಿ ನಿಂಬೆ, ಗಜನಿಂಬೆ, ಹೇರಳೆ, ಮಾದಲ, ಕಿತ್ತಳೆ, ಚಕ್ಕೋತ ಎಂದು ಈ ಬಳಗದ ಒಬ್ಬೊಬ್ಬರಿಗೂ ಒಂದೊಂದು ಹೆಸರಿದೆ. ಪೇಟೆಯ ಹಣ್ಣಿನಂಗಡಿಯಲ್ಲಿ ‘ಸ್ವೀಟ್ ಲೈಮ್’ ಎಂಬ ಹೆಸರಿನಿಂದ ಮಾರುವ ಮೋಸಂಬಿಯು ಸಿಹಿಯಾದ ನಿಂಬೆಯಲ್ಲ. ಸಸ್ಯಶಾಸ್ತ್ರದ ಪ್ರಕಾರ ಅದು ಸಿಹಿ ಕಿತ್ತಳೆಯ ಒಂದು ತಳಿ. ನಿಜವಾದ ಸಿಹಿನಿಂಬೆ ಎಂಬ ಬೇರೆ ಹಣ್ಣೇ ಇದೆ. ಆಫ್ರಿಕದ ಮೊಜಾಂಬಿಕ್ ದೇಶದ ಹೆಸರೇ ಮೋಸಂಬಿಯಾಯಿತೆಂದು ಸಾಮಾನ್ಯವಾಗಿ ಹೇಳುತ್ತಾರೆ. ಹಾಗೆಯೇ ಒಗ್ಗರಣೆಯ ಕರಿಬೇವನ್ನು ಉರ್ದು ಮಾತನಾಡುವವರಲ್ಲಿ ಕೆಲವರು ‘ಮೀಠಾ ನೀಮ್’ ಎನ್ನುತ್ತಾರೆ, ಎಂದರೆ ಸಿಹಿಬೇವು. ಅದು ಸಿಹಿಯೂ ಅಲ್ಲ, ಬೇವಿನ ಕುಲಕ್ಕೆ ಸೇರಿದುದೂ ಅಲ್ಲ. ಸಸ್ಯಶಾಸ್ತ್ರಜ್ಞರು ಅದನ್ನು ಸೇರಿಸಿರುವುದು ನಿಂಬೆಯ ಕುಟುಂಬಕ್ಕೆ! ಮರಾಠಿಗೆ ಹೋದರೆ ‘ಲಿಂಬ’ ಎಂದರೆ ಬೇವು, ‘ಲಿಂಬೂ’ ಎಂದರೆ ನಿಂಬೆ. ಒಂದು ಸ್ವರ ಹೆಚ್ಚುಕಡಿಮೆಯಾದರೆ ಹುಳಿಯ ಜಾಗದಲ್ಲಿ ಕಹಿ ಬಂದು ಕುಳಿತುಕೊಳ್ಳುತ್ತದೆ.

ಇವೆಲ್ಲ ನಗೆಯ ಪ್ರಸಂಗಗಳೆಂದು ತೋರಬಹುದು. ಆದರೆ ಇದೇ ನಿಂಬೆಯ ಹೆಸರಿನ ಗೊಂದಲವು ಮನುಷ್ಯರ ಪ್ರಾಣಕ್ಕೆ ಎರವಾದುದನ್ನು ಇತಿಹಾಸವು ದಾಖಲಿಸಿದೆ. ಹಿಂದೆ ದೀರ್ಘಕಾಲ ಹಡಗಿನಲ್ಲಿ ಸಂಚರಿಸುತ್ತಿದ್ದ ನಾವಿಕರು ಸ್ಕರ್ವಿ ಎಂಬ ರೋಗಕ್ಕೆ ತುತ್ತಾಗುತ್ತಿದ್ದರು. ವಸಡು ಬಾತು, ಹಲ್ಲು ಸಡಿಲಗೊಂಡು, ಹಳೆಯ ಗಾಯಗಳು ಮತ್ತೆ ತೆರೆದು ಅವರು ಸಾಯುತ್ತಿದ್ದರು. 1747ರಲ್ಲಿ ಜೇಮ್ಸ್ ಲಿಂಡ್ ಎಂಬ ಬ್ರಿಟಿಷ್ ವೈದ್ಯನು 12 ಮಂದಿ ರೋಗಿಗಳನ್ನು ಇಬ್ಬಿಬ್ಬರಂತೆ ಆರು ಜೋಡಿ ಮಾಡಿ, ಒಂದೊಂದು ಜೋಡಿಗೆ ಒಂದೊಂದು ಬಗೆಯ ಉಪಚಾರ ಮಾಡಿ ನೋಡಿದನು. ಕಿತ್ತಳೆಯನ್ನೂ ದೊಡ್ಡ ನಿಂಬೆಯಾದ ಲೆಮನ್ ಹಣ್ಣನ್ನೂ ತಿಂದ ಜೋಡಿಯು ಬೇಗನೆ ಚೇತರಿಸಿಕೊಂಡಿತು. 1795ರಿಂದ ಬ್ರಿಟಿಷ್ ನೌಕಾಪಡೆಯು ನಾವಿಕರಿಗೆ ಲೆಮನ್ ರಸವನ್ನು ಕೊಡತೊಡಗಿತು, ರೋಗವು ಹಿಮ್ಮೆಟ್ಟಿತು. ಆದರೆ ಆ ಕಾಲದಲ್ಲಿ ಲೆಮನ್ ಮತ್ತು ಲೈಮ್ ಎಂಬ ಎರಡು ಹೆಸರುಗಳನ್ನು ಜನರು ಬೇಕಾಬಿಟ್ಟಿಯಾಗಿ ಒಂದರ ಬದಲು ಇನ್ನೊಂದನ್ನು ಬಳಸುತ್ತಿದ್ದರು. 1860ರ ದಶಕದಲ್ಲಿ ನೌಕಾಪಡೆಯು ವೆಸ್ಟ್ ಇಂಡೀಸಿನ ಲೈಮ್ ಹಣ್ಣಿನ ರಸಕ್ಕೆ ಬದಲಾಯಿತು. ಹೆಸರು ಒಂದೇ ಎಂಬಂತಿದ್ದುದರಿಂದ ಗುಣವೂ ಒಂದೇ ಎಂದು ಭಾವಿಸಲಾಯಿತು. ಆ ರಸದಲ್ಲಿ ರೋಗವನ್ನು ತಡೆಯುವ ಸತ್ತ್ವವು ಬಹಳ ಕಡಿಮೆಯಿತ್ತು. 1875–76ರಲ್ಲಿ ಉತ್ತರ ಧ್ರುವದ ಕಡೆಗೆ ಹೋದ ಬ್ರಿಟಿಷ್ ತಂಡದಲ್ಲಿ ಸ್ಕರ್ವಿಯು ಮತ್ತೆ ತಲೆಯೆತ್ತಿತು. ನಾವಿಕರು ಹಿಮದ ಮೇಲೆ ಕುಸಿದರು. ಕೈಯಲ್ಲಿದ್ದ ಮದ್ದನ್ನು ಆ ರಾಷ್ಟ್ರವು ಹೆಸರಿನ ಅಜಾಗರೂಕತೆಯಿಂದ ಕಳೆದುಕೊಂಡಿತು.

ಈಗ ಸಿಹಿಯ ಮಾತಿಗೆ ಬರಬಹುದು. ಸಿಹಿ ಎಂದೊಡನೆ ನಾಲಿಗೆಗೆ ಬೆಲ್ಲ ನೆನಪಾಗುತ್ತದೆ. ಆದರೆ ಆ ಮಾತಿನ ಸಂಚಾರವು ನಾಲಿಗೆಯ ತುದಿಗೆ ನಿಲ್ಲುವುದಿಲ್ಲ. ಸಿಹಿ ಸುದ್ದಿಯು ಕಿವಿಯ ವಿಷಯ. ಹಳಗನ್ನಡದ ‘ಇನಿದು’ ಎಂಬುದು ರುಚಿಗೂ ಸಲ್ಲುತ್ತದೆ, ದನಿಗೂ ಸಲ್ಲುತ್ತದೆ. ‘ಬಾಯಿ ಸಿಹಿ ಮಾಡಿರಿ’ ಎಂದು ಸಕ್ಕರೆ ಕೊಡುವವನು ಕೊಡುವುದು ತನ್ನ ಸಂತೋಷದಲ್ಲಿ ಒಂದು ಪಾಲು. ಸಾವಿನ ಮನೆಯಲ್ಲಿ ಸೂತಕ ಕಳೆದ ಮೇಲೆ ಬಂಧುಗಳು ಸೇರಿ ಸಿಹಿ ಊಟ ಮಾಡುವ ಪದ್ಧತಿ ಕೆಲವೆಡೆ ಉಂಟು. ಅಲ್ಲಿ ಸಿಹಿ ಎಂದರೆ ಬಾಳು ಮತ್ತೆ ಮುಂದುವರಿಯಲೆಂಬ ಅನುಮತಿ.

ಈ ಸೀಮೆಯ ಭಾಷೆಗಳಲ್ಲಿ ಸಿಹಿಯ ಹೆಸರೂ ಎಚ್ಚರವನ್ನು ಬೇಡುತ್ತದೆ. ಉರ್ದುವಿನಲ್ಲಿ ‘ಮೀಠಾ’ ಎಂದರೆ ಸಿಹಿ. ಮರಾಠಿಯಲ್ಲಿ ‘ಮೀಠ’ ಎಂದರೆ ಉಪ್ಪು! ಒಂದು ದೀರ್ಘ ಸ್ವರದ ಅಂತರದಲ್ಲಿ ಪಾಯಸವು ಕೆಡಬಹುದು. ಎರಡೂ ಭಾಷೆಗಳನ್ನು ಬಲ್ಲ ಇಲ್ಲಿಯ ಅಡುಗೆಯವನು ಕೇಳಿದ ಕೂಡಲೇ ಕೈ ಹಾಕುವುದಿಲ್ಲ. ಕೇಳಿದವನು ಯಾರು, ಒಲೆಯ ಮೇಲಿರುವುದು ಏನು ಎಂಬುದನ್ನು ನೋಡಿ ಡಬ್ಬಿಯನ್ನು ತೆರೆಯುತ್ತಾನೆ. ಅರ್ಥವನ್ನು ಸಂದರ್ಭದಿಂದ ತಿಳಿಯುವ ವಿದ್ಯೆಯಲ್ಲಿ ಅವನು ಪಂಡಿತನಿಗೆ ಸಮಾನನು.

ಸಿಹಿನೀರು ಎಂಬ ಮಾತಿನಲ್ಲಿ ಸಿಹಿಗೆ ಮತ್ತೊಂದು ಅರ್ಥ. ಅಲ್ಲಿ ಸಕ್ಕರೆಯ ಸುಳಿವಿಲ್ಲ. ಸವುಳಿಲ್ಲದ, ಕುಡಿಯಲು ಹಿತವಾದ ನೀರೇ ಸಿಹಿನೀರು. ಸುಣ್ಣಕಲ್ಲಿನ ನೆಲದಲ್ಲಿ ಇಳಿದುಬಂದ ನೀರು ಸುಣ್ಣವನ್ನು ಕರಗಿಸಿಕೊಂಡು ಗಡಸಾಗುತ್ತದೆ. ಅದರಲ್ಲಿ ಸಾಬೂನು ನೊರೆಯೇಳುವುದಿಲ್ಲ. ಬೇಳೆ ಮೃದುವಾಗಿ ಬೇಯುವುದಿಲ್ಲ. ಇದೊಂದು ವಿಚಿತ್ರ. ಕಲಬುರಗಿಯ ತೊಗರಿ ಬೇಳೆಗೆ 2019ರಲ್ಲಿ ‘ಗುಲ್ಬರ್ಗಾ ತೊಗರಿ ಬೇಳೆ’ ಎಂಬ ಹೆಸರಿನಲ್ಲಿ ಭೌಗೋಳಿಕ ಗುರುತು ದೊರೆಯಿತು. ಆ ಬೇಳೆಯ ರುಚಿಗೆ ಇಲ್ಲಿಯ ಮಣ್ಣಿನಲ್ಲಿರುವ ಕ್ಯಾಲ್ಸಿಯಂ ಮತ್ತು ಪೊಟ್ಯಾಸಿಯಂ ಕಾರಣವೆಂದು ಹೇಳಲಾಗುತ್ತದೆ. ಬೆಳೆಯುವಾಗ ಹಿತವಾದ ಸುಣ್ಣವೇ ಬೇಯಿಸುವಾಗ ಅಹಿತವಾಗುತ್ತದೆ. ಆದುದರಿಂದ ಹಿಂದಿನ ಹೆಂಗಸರು ಬೇಳೆ ಬೇಯುವ ನೀರಿನ ಬಾವಿಯನ್ನು ಗುರುತಿಟ್ಟುಕೊಂಡು, ದೂರವಾದರೂ ಅಲ್ಲಿಗೇ ಕೊಡ ಹೊತ್ತು ಹೋಗುತ್ತಿದ್ದರು. ಅವರಿಗೆ ಸಿಹಿನೀರೆಂದರೆ ಬೇಳೆಯನ್ನು ಬೇಯಿಸುವ ನೀರು. ಇಷ್ಟಾದರೂ ಒಂದು ಮಾತನ್ನು ಮರೆಯಬಾರದು: ಸಿಹಿನೀರೆಲ್ಲವೂ ಶುದ್ಧನೀರಲ್ಲ. ರೋಗಾಣುಗಳಿಗಾಗಲಿ, ಹಲ್ಲು ಮೂಳೆಗಳನ್ನು ಕೆಡಿಸುವ ಫ್ಲೋರೈಡಿಗಾಗಲಿ ನಾಲಿಗೆಗೆ ತಿಳಿಯುವಂಥ ರುಚಿಯಿರುವುದಿಲ್ಲ. ನಾಲಿಗೆಯು ಕೊಟ್ಟ ಅರ್ಹತಾಪತ್ರವನ್ನು ಪರೀಕ್ಷಕನೂ ಒಪ್ಪಬೇಕು.

ಸಿಹಿಯೂ ಸುಣ್ಣವೂ ಸ್ನೇಹಿತರಾಗುವ ಸ್ಥಳವೂ ಒಂದುಂಟು, ಅದು ಆಲೆಮನೆ. ಆಳಂದ, ಅಫಜಲಪುರದ ಕಡೆಗೆ ಕಬ್ಬು ಬೆಳೆಯುತ್ತಾರೆ. ಕಬ್ಬಿನ ಹಾಲು ಕೊಪ್ಪರಿಗೆಯಲ್ಲಿ ಕುದಿಯುವಾಗ ಬೆಂಡೆಯ ಗಿಡದ ಲೋಳೆಯನ್ನೂ ಮಿತವಾದ ಸುಣ್ಣವನ್ನೂ ಹಾಕುವುದುಂಟು. ಸುಣ್ಣವು ರಸದ ಹುಳಿಯನ್ನು ಅಡಗಿಸುತ್ತದೆ. ಕೊಳೆಯು ನೊರೆಯಾಗಿ ಮೇಲೆದ್ದು ಬರುತ್ತದೆ. ಸಕ್ಕರೆ ಕಾರ್ಖಾನೆಯಲ್ಲಿಯೂ ರಸವನ್ನು ತಿಳಿಗೊಳಿಸುವುದು ಸುಣ್ಣದ ಹಾಲಿನಿಂದಲೇ. ಹೋಳಿಗೆಯನ್ನು ಮೆಲ್ಲುವವನಿಗೆ ಸುಣ್ಣದ ನೆನಪಾಗುವುದಿಲ್ಲ. ಆದರೂ ಅದರ ಋಣವು ಆ ಹೂರಣದಲ್ಲಿ ಇದ್ದೇ ಇದೆ.

ಇಲ್ಲಿಯವರೆಗೆ ಹೇಳಿದುದೆಲ್ಲವೂ ಹೊಲಕ್ಕೆ ಬಂದಾಗ ಎಷ್ಟು ಮುಖ್ಯವಾಗುತ್ತದೆಂಬುದನ್ನು ನೋಡಬೇಕು. ಸೇಡಂ ಸಮೀಪದ ಒಬ್ಬ ರೈತನ ಮಗನು ಇಂಗ್ಲಿಷಿನಲ್ಲಿ ಬರೆದ ತೋಟಗಾರಿಕೆಯ ಪುಸ್ತಕವೊಂದನ್ನು ಓದುತ್ತಿದ್ದಾನೆಂದು ಭಾವಿಸಬಹುದು. ಮಣ್ಣು ಹುಳಿಯಾಗಿದ್ದರೆ ಲೈಮ್ ಹಾಕಿ ಅದನ್ನು ‘ಸ್ವೀಟ್’ ಮಾಡಬೇಕೆಂದು ಅದರಲ್ಲಿದೆ. ಇಂಗ್ಲೆಂಡಿನ ರೈತನ ಮಾತಿನಲ್ಲಿ ಸಿಹಿಯಾದ ಮಣ್ಣೆಂದರೆ ಆಮ್ಲವನ್ನು ಕಳೆದುಕೊಂಡ, ಸುಣ್ಣವುಳ್ಳ ಮಣ್ಣು. ಹೆಚ್ಚು ಮಳೆಯಿಂದ ಸುಣ್ಣವು ಕೊಚ್ಚಿಹೋಗಿರುವ ಆ ದೇಶದ ನೆಲಕ್ಕೂ ಕರ್ನಾಟಕದ ಮಲೆನಾಡಿನ ನೆಲಕ್ಕೂ ಆ ಸಲಹೆ ಸರಿಯಾದುದೇ. ಆದರೆ ಸೇಡಂ, ಚಿತ್ತಾಪುರದ ಕಪ್ಪು ನೆಲದಲ್ಲಿ ಸುಣ್ಣವು ಮೊದಲೇ ತುಂಬಿದೆ. ನೇಗಿಲಿಗೆ ಸುಣ್ಣದ ಹರಳುಗಳು ಸಿಕ್ಕುವ ಹೊಲಗಳೂ ಇವೆ. ಅಲ್ಲಿ ಮತ್ತೆ ಸುಣ್ಣ ಸುರಿದರೆ ಆಗುವುದೇನು? ಮಣ್ಣಿನಲ್ಲಿ ಕಬ್ಬಿಣವಿದ್ದರೂ ಅದು ಬೇರಿಗೆ ದಕ್ಕದಂತಾಗುತ್ತದೆ. ಎಳೆಯ ಎಲೆಗಳು ಹಳದಿಯಾಗುತ್ತವೆ. ನರಗಳು ಮಾತ್ರ ಹಸುರಾಗಿ ಉಳಿಯುತ್ತವೆ. ಈ ರೋಗಕ್ಕೆ ಬೇಗನೆ ಬಲಿಯಾಗುವ ಗಿಡಗಳಲ್ಲಿ ಒಂದು ನಿಂಬೆ! ಸುಣ್ಣವೆಂಬ ಲೈಮ್ ಹೆಚ್ಚಾಗಿ ನಿಂಬೆಯೆಂಬ ಲೈಮ್ ಸೊರಗುತ್ತದೆ. ಎಲೆ ಹಳದಿಯಾದುದನ್ನು ಕಂಡ ರೈತನು ಸಾರ ಸಾಲದೆಂದು ಇನ್ನಷ್ಟು ಸುಣ್ಣ ಹಾಕಿದರೆ ರೋಗಕ್ಕೆ ರೋಗವನ್ನೇ ಮದ್ದು ಕೊಟ್ಟಂತೆ. ಅಲ್ಲಿ ಬೇಕಾದುದು ಕೊಟ್ಟಿಗೆಯ ಗೊಬ್ಬರ ಮತ್ತು ಎಲೆಗಳಿಗೆ ಅನ್ನಭೇದಿಯ ಸಿಂಪರಣೆ. ಇನ್ನು ಚಿಂಚೋಳಿಯ ಗುಡ್ಡಗಳ ಕೆಂಪು ಜಂಬಿಟ್ಟಿಗೆ ನೆಲದ ಸ್ವಭಾವವೇ ಬೇರೆ. ಒಂದೇ ಜಿಲ್ಲೆಯೊಳಗೆ ಒಂದೇ ಸಲಹೆಯು ಎರಡು ಹೊಲಗಳಿಗೆ ಹೊಂದುವುದಿಲ್ಲ. ಮಣ್ಣಿನ ಪರೀಕ್ಷೆಯಾಗದೆ ಸುಣ್ಣದ ಚೀಲವನ್ನು ಬಿಚ್ಚಬಾರದು.

ಹಾಗೆಂದು ತಪ್ಪೆಲ್ಲ ಇಂಗ್ಲಿಷಿನದು, ಕನ್ನಡವು ನಿರ್ದೋಷಿ ಎಂದು ಬೀಗುವುದು ನ್ಯಾಯವಲ್ಲ. ಲೆಮನ್, ಲೈಮ್ ಎರಡನ್ನೂ ಕನ್ನಡಿಗರು ನಿಂಬೆ ಎಂದೇ ಕರೆಯುತ್ತಾರೆ. ‘ಹಾಲಿನಲ್ಲಿ ಸುಣ್ಣದ ಅಂಶವಿದೆ, ಮೂಳೆಗೆ ಸುಣ್ಣ ಬೇಕು’ ಎಂದು ಎಷ್ಟೋ ಮಂದಿ ಹೇಳುತ್ತಾರೆ. ಇಲ್ಲಿ ಸುಣ್ಣವೆಂದರೆ ಕ್ಯಾಲ್ಸಿಯಂ ಎಂಬ ಧಾತು. ಹಾಲು, ರಾಗಿ, ಎಳ್ಳು, ಸೊಪ್ಪು ಅದನ್ನು ಒದಗಿಸುತ್ತವೆ. ಆ ಮಾತನ್ನು ಅಕ್ಷರಶಃ ಗ್ರಹಿಸಿ ಸುಣ್ಣದ ಡಬ್ಬಿಯಲ್ಲಿರುವುದೂ ಅದೇ ಎಂದು ತಿಳಿದವನು ಬಾಯಿ ಸುಟ್ಟುಕೊಳ್ಳುತ್ತಾನೆ. ಎಲೆ ಅಡಿಕೆಯೊಡನೆ ಹಚ್ಚುವ ಸುಣ್ಣವನ್ನು ಪೋಷಣೆಯೆಂದು ಸಮರ್ಥಿಸುವವರೂ ಇದ್ದಾರೆ. ವಿಶ್ವ ಆರೋಗ್ಯ ಸಂಸ್ಥೆಯ ಕ್ಯಾನ್ಸರ್ ಸಂಶೋಧನಾ ವಿಭಾಗವು 2004ರಲ್ಲಿ ಪ್ರಕಟಿಸಿದ ಗ್ರಂಥದಲ್ಲಿ ಅಡಿಕೆಯನ್ನೂ, ತಂಬಾಕು ಸೇರಿದ ಮತ್ತು ಸೇರದ ಎಲೆ ಅಡಿಕೆಯನ್ನೂ ಕ್ಯಾನ್ಸರ್ ತರುವ ವಸ್ತುಗಳೆಂದು ಹೇಳಿದೆ. ‘ಸುಣ್ಣದ ಅಂಶ’ ಎಂಬ ಹಿತವಾದ ಮಾತು ಆ ಅಪಾಯವನ್ನು ಮರೆಸಬಾರದು.

‘ಒಂದು ಕಣ್ಣಿಗೆ ಬೆಣ್ಣೆ, ಒಂದು ಕಣ್ಣಿಗೆ ಸುಣ್ಣ’ ಎಂಬ ಗಾದೆಯನ್ನು ಪಕ್ಷಪಾತಕ್ಕೆ ಉದಾಹರಣೆಯಾಗಿ ಶಾಲೆಯಲ್ಲಿ ಕಲಿಸುತ್ತಾರೆ. ಅದು ಅಲಂಕಾರ ಮಾತ್ರವಲ್ಲ. ಸುಣ್ಣದ ಪುಟ್ಟ ಚೀಲವನ್ನು ಹಿಸುಕಿ ಆಡುವ ಮಕ್ಕಳ ಕಣ್ಣಿಗೆ ಸುಣ್ಣ ಸಿಡಿದು ದೃಷ್ಟಿ ಹೋಗುವ ಅಪಘಾತಗಳು ಈ ದೇಶದಲ್ಲಿ ನಡೆಯುತ್ತಲೇ ಇವೆ. ಸುಣ್ಣಕ್ಕೆ ನಿಂಬೆ ಮದ್ದೆಂದು ಪಾತ್ರೆಗೆ ಹೇಳಿದ ಉಪಾಯವನ್ನು ಕಣ್ಣಿಗೆ ಪ್ರಯೋಗಿಸಬಾರದು. ಒಡನೆಯೇ ಶುದ್ಧವಾದ ನೀರನ್ನು ಧಾರಾಳವಾಗಿ ಸುರಿದು ಬಹಳ ಹೊತ್ತು ಕಣ್ಣನ್ನು ತೊಳೆಯಬೇಕು. ತಡಮಾಡದೆ ವೈದ್ಯರಲ್ಲಿಗೆ ಕರೆದೊಯ್ಯಬೇಕು. ಪಾತ್ರೆಯ ವಿಷಯದಲ್ಲಿ ನಿಜವಾದ ಮಾತು ಕಣ್ಣಿನ ವಿಷಯದಲ್ಲಿ ನಿಜವಾಗಿರಬೇಕೆಂದಿಲ್ಲ.

ಇಷ್ಟು ಗೊಂದಲವೇಕೆ, ವಿಜ್ಞಾನದ ಹೆಸರುಗಳನ್ನೇ ಎಲ್ಲರೂ ಬಳಸಿದರೆ ಸಾಲದೆ ಎಂದು ಕೆಲವರು ಕೇಳುತ್ತಾರೆ. ಕ್ಯಾಲ್ಸಿಯಂ ಕಾರ್ಬೊನೇಟ್, ಕ್ಯಾಲ್ಸಿಯಂ ಆಕ್ಸೈಡ್, ಕ್ಯಾಲ್ಸಿಯಂ ಹೈಡ್ರಾಕ್ಸೈಡ್ ಎಂಬ ಹೆಸರುಗಳಲ್ಲಿ ಸಂದೇಹಕ್ಕೆ ಆಸ್ಪದವಿಲ್ಲ; ಅವುಗಳನ್ನು ಕಲಿಯಲೇಬೇಕು. ಆದರೆ ಅವುಗಳನ್ನು ಬಾಯಿಪಾಠ ಮಾಡಿದ ಹುಡುಗನು ತನ್ನ ಊರಿನ ಸುಣ್ಣಕಲ್ಲು, ಸುಟ್ಟ ಸುಣ್ಣ, ಅರಳಿದ ಸುಣ್ಣಗಳೇ ಆ ಮೂರು ಎಂದು ಗುರುತಿಸಲಾರದೆ ಹೋದರೆ ಆ ವಿದ್ಯೆಯು ಪುಸ್ತಕದಿಂದ ಉತ್ತರಪತ್ರಿಕೆಗೆ ಹೋಗಿ ಅಲ್ಲಿಯೇ ನಿಲ್ಲುತ್ತದೆ. ಹಾಗೆಯೇ ನಿಘಂಟೊಂದಿದ್ದರೆ ಸಾಕೆಂಬುದೂ ಸರಿಯಲ್ಲ. ನಿಘಂಟು ಒಂದು ಪದಕ್ಕೆ ಇರುವ ಅರ್ಥಗಳನ್ನೆಲ್ಲ ಸಾಲಾಗಿ ನಿಲ್ಲಿಸುತ್ತದೆ. ಆ ಸಾಲಿನಲ್ಲಿ ಬೇಕಾದುದನ್ನು ಆರಿಸಿಕೊಳ್ಳುವ ಹೊಣೆ ಓದುವವನದು. ಹೊಲವನ್ನೂ ಗಣಿಯನ್ನೂ ಅಡುಗೆಮನೆಯನ್ನೂ ಕಣ್ಣಿಟ್ಟು ನೋಡಿದವನಿಗೆ ಮಾತ್ರ ಆ ಆಯ್ಕೆ ಸಾಧ್ಯ.

ಸೇಡಂ ತಾಲ್ಲೂಕಿನ ಮಳಖೇಡವು ಒಂದು ಕಾಲದಲ್ಲಿ ಮಾನ್ಯಖೇಟವೆಂಬ ಹೆಸರಿನಿಂದ ರಾಷ್ಟ್ರಕೂಟರ ರಾಜಧಾನಿಯಾಗಿತ್ತು. ಒಂಬತ್ತನೆಯ ಶತಮಾನದಲ್ಲಿ ಅಮೋಘವರ್ಷ ನೃಪತುಂಗನ ಆಸ್ಥಾನದಲ್ಲಿ ‘ಕವಿರಾಜಮಾರ್ಗ’ವು ರಚಿತವಾಯಿತು. ದೊರೆತಿರುವ ಕನ್ನಡ ಗ್ರಂಥಗಳಲ್ಲಿ ಅದೇ ಮೊದಲನೆಯದು. ಕನ್ನಡವು ಪ್ರದೇಶದಿಂದ ಪ್ರದೇಶಕ್ಕೆ ಬೇರೆಬೇರೆಯಾಗಿರುವುದನ್ನು ಆ ಗ್ರಂಥವು ಗಮನಿಸಿದೆ. ಯಾವ ಪದವನ್ನು ಎಲ್ಲಿ ಬಳಸಬೇಕು, ಎಲ್ಲಿ ಬಳಸಬಾರದು ಎಂಬ ವಿವೇಕವನ್ನು ಅದು ಕವಿಗಳಿಗೆ ಬೋಧಿಸಿದೆ. ಕಾಗಿಣಾ ನದಿಯ ದಂಡೆಯ ಸುಣ್ಣಕಲ್ಲಿನ ನೆಲದಲ್ಲಿಯೇ ಕನ್ನಡಿಗರಿಗೆ ಪದಗಳ ಔಚಿತ್ಯದ ಮೊದಲ ಪಾಠ ದೊರೆತುದು ಈ ಸೀಮೆಯ ಭಾಗ್ಯ. ಆ ಪಾಠವು ಕವಿಗಳಿಗೆ ಮಾತ್ರ ಸಲ್ಲುವುದೆಂದು ತಿಳಿಯಬೇಕಾಗಿಲ್ಲ. ರೈತನಿಗೂ, ಗಣಿಯ ಕೆಲಸಗಾರನಿಗೂ, ಅಡುಗೆ ಮಾಡುವವಳಿಗೂ, ಔಷಧಿ ಕೊಡುವವನಿಗೂ ಅದು ಬೇಕು.

ಹಳೆಯ ಸುಣ್ಣದ ಗೂಡುಗಳು ಅನೇಕ ಕಡೆ ಆರಿಹೋಗಿವೆ. ಗೋಡೆಗೆ ಬಣ್ಣವೂ ಕಟ್ಟಡಕ್ಕೆ ಸಿಮೆಂಟೂ ಬಂದಿವೆ. ನಲ್ಲಿಯ ನೀರು ಬಂದ ಮನೆಗಳಲ್ಲಿ ಯಾವ ಬಾವಿಯ ನೀರಿನಲ್ಲಿ ಬೇಳೆ ಬೇಯುತ್ತಿತ್ತೆಂಬುದು ಮಕ್ಕಳಿಗೆ ತಿಳಿಯದು. ಇದರಲ್ಲಿ ದುಃಖಪಡುವಂಥದೇನೂ ಇಲ್ಲ. ಕೊಡ ಹೊತ್ತು ಮೈಲಿಗಟ್ಟಲೆ ನಡೆಯುವ ಕಷ್ಟ ತಪ್ಪಿದುದು ಒಳ್ಳೆಯದೇ ಆಯಿತು. ಆದರೆ ಕೆಲಸದೊಂದಿಗೆ ಆ ಕೆಲಸದ ಮಾತುಗಳೂ ಹೋಗಿಬಿಟ್ಟರೆ ಅವುಗಳ ಹಿಂದಿದ್ದ ವಿವೇಚನೆಯೂ ಹೋಗುತ್ತದೆ. ಆದುದರಿಂದ ಈ ಸೀಮೆಯ ಒಂದೊಂದು ಶಾಲೆಯೂ ತನ್ನ ಊರಿನ ಕಲ್ಲು, ಮಣ್ಣು, ನೀರು, ಹಣ್ಣು, ಎಲೆಗಳ ಹೆಸರುಗಳನ್ನು ಹಿರಿಯರಿಂದ ಕೇಳಿ ಬರೆದಿಡುವ ಕೆಲಸವನ್ನು ಕೈಗೊಳ್ಳಬೇಕು. ಕನ್ನಡದ ಹೆಸರಿನ ಪಕ್ಕದಲ್ಲಿ ಉರ್ದು, ತೆಲುಗು, ಮರಾಠಿ, ಲಂಬಾಣಿ ಹೆಸರುಗಳಿರಲಿ; ವಿಜ್ಞಾನದ ಹೆಸರೂ ಇರಲಿ. ಅದಕ್ಕೆ ಹಣ ಬೇಕಾಗಿಲ್ಲ. ಒಂದು ನೋಟುಬುಕ್ಕು ಮತ್ತು ಅಜ್ಜಿಯ ಬಳಿ ಕುಳಿತು ಕೇಳುವ ತಾಳ್ಮೆ ಸಾಕು.

ಅಂಥ ನೋಟುಬುಕ್ಕನ್ನು ಬರೆದ ವಿದ್ಯಾರ್ಥಿಯು ಮುಂದೆ ಎಲ್ಲಿಗೇ ಹೋಗಲಿ, ಯಾವ ಭಾಷೆಯ ಪುಸ್ತಕವನ್ನೇ ತೆರೆಯಲಿ, ಒಂದು ಪದವನ್ನು ಕಂಡೊಡನೆ ಎರಡು ಪ್ರಶ್ನೆಗಳನ್ನು ಕೇಳಿಕೊಳ್ಳುತ್ತಾನೆ: ‘ಇದು ಯಾವ ಸಿಹಿ? ಇದು ಯಾವ ಸುಣ್ಣ?’ ಆ ಪ್ರಶ್ನೆಗಳಿಗೆ ಉತ್ತರ ಸಿಕ್ಕುವವರೆಗೆ ಅವನು ಗಿಡದ ಬುಡಕ್ಕೆ ಏನನ್ನೂ ಸುರಿಯುವುದಿಲ್ಲ.